ಬಾನುಲಿಯ ನೆಂಟರು

ಸೂತಕ ಹಿಡಿಯುವುದಕ್ಕೆ ನಮ್ಮ ಹಿರಿಯರು ಲೆಕ್ಕ ಹಾಕಿಟ್ಟಿದ್ದಾರೆ. ದಾಯಾದಿಗಳಿಗೆ ಇಷ್ಟು ದಿನ, ಬೀಗರಿಗೆ ಇಷ್ಟು ದಿನ, ದೂರದವರಿಗೆ ಒಂದು ಸ್ನಾನ. ಆದರೆ ಒಂದು ಸಲವೂ ನಮ್ಮ ಹೊಸ್ತಿಲು ತುಳಿಯದೆ, ನಮ್ಮ ಹೆಸರನ್ನು ಕೂಡ ಅರಿಯದೆ, ನಾಲ್ಕು ದಶಕಗಳ ಕಾಲ ನಮ್ಮ ಮನೆಮಂದಿಯನ್ನೆಲ್ಲ ನಗಿಸಿದವರು ತೀರಿಕೊಂಡರೆ ಎಷ್ಟು ದಿನ ಹಿಡಿಯಬೇಕು? 2000ನೆಯ ಇಸವಿಯ ಜೂನ್ 12, ಸೋಮವಾರ, ಪುಣೆಯಲ್ಲಿ ಶ್ರೀ ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆಯವರು ನಿಧನರಾದಾಗ ಈ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಿತು. ಅಂದು ರಾತ್ರಿ ಅವ್ವ ಒಲೆ ಹಚ್ಚಲಿಲ್ಲ. ಯಾರೂ ಹಸಿವೆಂದು ಹೇಳಲೂ ಇಲ್ಲ.

ಈಚಿನ ಎಳೆಯರಿಗೆ ಅವರ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಬೇಕು. 1919ರ ನವೆಂಬರ್ 8ರಂದು ಮುಂಬಯಿಯಲ್ಲಿ ಹುಟ್ಟಿದ ಪು. ಲ. ಅವರು ಮರಾಠಿಯ ವಿನೋದ ಸಾಹಿತಿ, ನಾಟಕಕಾರ, ನಟ. ಪೇಟಿ ನುಡಿಸುವವರು, ಹಾಡಿಗೆ ಧಾಟಿ ಕಟ್ಟುವವರು. ಕೆಲಕಾಲ ನಮ್ಮ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. 1953ರ ‘ಗುಳಾಚಾ ಗಣಪತಿ’ ಎಂಬ ಚಿತ್ರಕ್ಕೆ ಕಥೆ ಅವರದು, ನಿರ್ದೇಶನ ಅವರದು, ಸಂಗೀತ ಅವರದು, ನಾಯಕನ ಪಾತ್ರವೂ ಅವರದೇ. ಅದರಲ್ಲಿ ಇಂದ್ರಾಯಣಿ ನದಿಯ ದಂಡೆಯನ್ನು ಕುರಿತ ಹಾಡನ್ನು ಹಾಡಿದವರು ಪಂಡಿತ ಭೀಮಸೇನ ಜೋಶಿಯವರು. ಗದಗು ಕಡೆಯ ಕಂಠ, ಮಾಡಗೂಳಕರರ ಪದ, ಪು. ಲ. ಅವರ ಧಾಟಿ. ಇಂದಿಗೂ ಆ ಹಾಡು ಕೇಳಿದಾಗ ಎಷ್ಟು ಪಾಲು ಅವರದು, ಎಷ್ಟು ಪಾಲು ನಮ್ಮದು ಎಂದು ಬಿಡಿಸಿ ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಪುಣೆಯಲ್ಲಿ ಆಕಾಶವಾಣಿ ಕೇಂದ್ರ ತೆರೆದದ್ದು 1953ರ ಅಕ್ಟೋಬರ್ 2ರಂದು. ಐವತ್ತರ ದಶಕದ ನಡುವೆ ಪು. ಲ. ಅವರು ಆಕಾಶವಾಣಿಯ ನೌಕರಿಗೆ ಸೇರಿದರು. ಸುಮಾರು ಅದೇ ಹೊತ್ತಿಗೆ, ಧಾರವಾಡದಿಂದ ಸರಕಾರಿ ಕಚೇರಿಯ ಗುಮಾಸ್ತೆಯಾಗಿ ಬಂದ ಅಪ್ಪ ಸದಾಶಿವ ಪೇಟೆಯ ವಾಡೆಯೊಂದರಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಕಂತಿನ ಮೇಲೆ ಒಂದು ರೇಡಿಯೋ ಕೊಂಡು ತಂದರು. ಅದರ ಗುಂಡಿ ತಿರುಗಿಸಿದರೆ ಒಡನೆ ಮಾತಾಡುತ್ತಿರಲಿಲ್ಲ. ಒಳಗಿನ ದೀಪಗಳು ಕಾಯ್ದು ಕೆಂಪಾಗುವವರೆಗೆ ನಾವು ಮಕ್ಕಳು ಉಸಿರು ಹಿಡಿದು ಕೂಡಬೇಕು. ವರುಷಕ್ಕೊಮ್ಮೆ ಅಂಚೆಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿ ಬರಬೇಕು. ರಾತ್ರಿಯ ಹೊತ್ತು, ಮಳೆ ಸಿಡಿಲಿನ ಕಾಟವಿಲ್ಲದಿದ್ದರೆ, ಗೊರಗೊರ ಸದ್ದಿನ ನಡುವೆ ಧಾರವಾಡ ಕೇಳುತ್ತಿತ್ತು. ಅವ್ವನಿಗೆ ಅದು ತವರಿನ ಓಲೆ. ಉಳಿದ ಹೊತ್ತೆಲ್ಲ ಪುಣೆಯದೇ ಮಾತು. ನಮಗೆ ಮರಾಠಿ ಕಲಿಸಿದ್ದು ಶಾಲೆಗಿಂತ ಹೆಚ್ಚಾಗಿ ಆ ಪೆಟ್ಟಿಗೆ.

ಬಾನುಲಿಯ ನಗೆಗಾರನಿಗೆ ಮುಖವಿಲ್ಲ, ವೇಷವಿಲ್ಲ. ಹುಬ್ಬು ಹಾರಿಸಿ ನಗಿಸುವ ಹಾಗಿಲ್ಲ. ಅವನಿಗಿರುವುದು ದನಿಯೊಂದೇ, ಮತ್ತು ದನಿಗಳ ನಡುವಿನ ಸುಮ್ಮನಿರವು. ಪು. ಲ. ಅವರು ಸಂಗೀತಗಾರರಾಗಿದ್ದುದು ಇಲ್ಲಿಯೇ ಕೆಲಸಕ್ಕೆ ಬಂದಿತೆಂದು ನಮ್ಮ ಎಣಿಕೆ. ತಾಳದಲ್ಲಿ ‘ಖಾಲಿ’ ಎಂಬುದೊಂದಿದೆ. ಅಲ್ಲಿ ತಬಲೆಯ ಎಡಗೈ ಸುಮ್ಮನಾಗುತ್ತದೆ. ಆ ಬರಿದು ಇರುವುದರಿಂದಲೇ ಮುಂದೆ ‘ಸಮ’ ಬಂದು ಬಿದ್ದಾಗ ಕೇಳುವವರ ತಲೆ ತಾನಾಗಿ ತೂಗುವುದು. ಅವರ ಮಾತೂ ಹಾಗೆ. ಮಾತು ಹರಿಯುತ್ತ ಹರಿಯುತ್ತ ತಟ್ಟನೆ ನಿಲ್ಲುವುದು. ನಮ್ಮ ವಾಡೆಯ ಎಂಟು ಮನೆಗಳೂ ಆ ಒಂದು ಗಳಿಗೆ ನಿಂತುಬಿಡುತ್ತಿದ್ದವು. ಮುಂದಿನ ಶಬ್ದಕ್ಕೆ ಎಂಟೂ ಮನೆಗಳಿಂದ ಒಂದೇ ನಗು ಅಂಗಳಕ್ಕೆ ಬಂದು ಬೀಳುತ್ತಿತ್ತು.

ಆ ನಗುವಿನಲ್ಲಿ ಅಪ್ಪನ ದನಿ ಮಾತ್ರ ಬಹುಕಾಲ ಇರಲಿಲ್ಲ. ಅದಕ್ಕೊಂದು ಕಾರಣವುಂಟು.

ಮರಾಠಿಗೂ ನಮಗೂ ಇರುವ ಹಳೆಯ ಜಗಳವೆಂದರೆ ಲಿಂಗದ್ದು. ಕನ್ನಡದಲ್ಲಿ ಜೀವವಿಲ್ಲದ ವಸ್ತುವಿಗೆಲ್ಲ ‘ಅದು’ ಒಂದೇ ಸಾಕು. ಮರಾಠಿಯಲ್ಲಿ ಹಾಗಲ್ಲ. ಒಂದೇ ತಾಟಿನಲ್ಲಿ ಭಾತ ಗಂಡಸು, ಪೋಳಿ ಹೆಂಗಸು, ವರಣ ಎರಡೂ ಅಲ್ಲ! ಊಟಕ್ಕೆ ಕುಳಿತರೆ ಇಡೀ ಸಂಸಾರವೇ ತಾಟಿನಲ್ಲಿ ಕುಳಿತ ಹಾಗೆ. ಅಪ್ಪನಿಗೆ ಇದು ಕೊನೆತನಕ ಕೈವಶವಾಗಲಿಲ್ಲ. ಒಂದು ದಿನ ಸಾಮಾನಿನ ಅಂಗಡಿಯಲ್ಲಿ ಅವರ ಬಾಯಿಂದ ಬಂದ ಒಂದು ವಾಕ್ಯವನ್ನು ಅಲ್ಲಿದ್ದವರು ಅದೇ ರಾಗದಲ್ಲಿ ಅಣಕಿಸಿ ತೋರಿಸಿ ಹೊಟ್ಟೆ ಹಿಡಿದು ನಕ್ಕರು. ಅಪ್ಪ ಸಾಮಾನು ತೆಗೆದುಕೊಂಡು ಮನೆಗೆ ಬಂದರು. ಆ ಬಳಿಕ ವರುಷಗಟ್ಟಲೆ ಅಂಗಡಿಗೆ ನಮ್ಮನ್ನೇ ಕಳಿಸಿದರು. ಕಚೇರಿಯಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮೌನ.

ಅಂಗಡಿಯವರದು ಹಾಗಿರಲಿ, ನಾವು ಮಾಡಿದ್ದನ್ನು ಈಗ ಹೇಳಬೇಕು. ಶಾಲೆಯ ಸ್ನೇಹಸಂಮೇಳನಕ್ಕೆ ತಂದೆತಾಯಿಗಳನ್ನು ಕರೆದಿದ್ದರು. ಅಪ್ಪ ಬಂದು ಮಾಸ್ತರರ ಮುಂದೆ, ಗೆಳೆಯರ ಮುಂದೆ ಮಾತಾಡಿದರೆ ಹೇಗೆ ಎಂಬ ಅಂಜಿಕೆಯಿಂದ ನಾವು ಮಕ್ಕಳು ಕೂಡಿ ಆಮಂತ್ರಣದ ಕಾಗದವನ್ನು ಹರಿದು ಎಸೆದೆವು. ಅದು ಹೇಗೋ ಅವರಿಗೆ ತಿಳಿಯಿತು. ಬೈಯಲಿಲ್ಲ. “ಇರಲಿ ಬಿಡ್ರಿ, ಅವತ್ತ ನನಗೂ ಕಚೇರಿಯೊಳಗ ಕೆಲಸ ಅದ” ಎಂದಷ್ಟೇ ಹೇಳಿ ಶಲ್ಯ ಕೊಡವಿ ಹೊರಗೆ ನಡೆದರು. ಅಂದು ಭಾನುವಾರವೆಂಬುದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

1966ರಲ್ಲಿ ಪು. ಲ. ಅವರ ‘ಗಣಗೋತ’ ಎಂಬ ಪುಸ್ತಕ ಹೊರಬಂದಿತು. ಗಣಗೋತವೆಂದರೆ ಬಂಧುಬಳಗ. ಅಕ್ಕ ವಾಚನಾಲಯದಿಂದ ಅದನ್ನು ತಂದು ಸಂಜೆ ಗಟ್ಟಿಯಾಗಿ ಓದುತ್ತಿದ್ದಳು. ಅದರಲ್ಲಿ ‘ರಾವಸಾಹೇಬ’ ಎಂಬ ಒಂದು ವ್ಯಕ್ತಿಚಿತ್ರವಿದೆ. ಬೆಳಗಾವಿಯ ಕೃಷ್ಣರಾವ ಹರಿಹರ ಎಂಬವರದು. ನಾಟಕದ ಹುಚ್ಚು, ಸಂಗೀತದ ಹುಚ್ಚು, ಬಾಯಿ ತೆರೆದರೆ ಬೈಗುಳ, ಎದೆ ತೆರೆದರೆ ಬರೀ ಬೆಣ್ಣೆ. ಅವರಾಡುವುದು ಕನ್ನಡದ ಎಳೆತವಿರುವ ಮರಾಠಿ. ಲಿಂಗಗಳೆಲ್ಲ ಅದಲುಬದಲು! ಅಕ್ಕ ಒಂದು ಪುಟ ಓದುವಷ್ಟರಲ್ಲಿ ಅಪ್ಪನ ಮುಖ ಗಂಟಾಯಿತು. “ಇದೂ ನಮ್ಮನ್ನ ನೋಡಿ ನಗೋದs ಏನು?” ಎಂದರು. ಅಕ್ಕ ಓದು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಓದವಾ, ಮುಂದೇನಾತು ನೋಡೋಣ” ಎಂದರು.

ಮುಂದೆ ಓದುತ್ತ ಹೋದ ಹಾಗೆ ನಗು ಬೇರೆಯಾಯಿತು. ಆ ಒಡ್ಡೊಡ್ಡಾದ ಮರಾಠಿಯ ಹಿಂದೆ ಇರುವ ಮನುಷ್ಯ ಎದ್ದು ನಿಂತ. ಅವನಿಗೆ ನಾಚಿಕೆಯಿಲ್ಲ, ತಪ್ಪು ಮಾತಾಡುತ್ತಿದ್ದೇನೆ ಎಂಬ ಚಿಂತೆಯಿಲ್ಲ. ಬರೆದವರಿಗೂ ಅವನನ್ನು ತಿದ್ದುವ ಹಂಬಲವಿಲ್ಲ. ಅವನ ತಪ್ಪನ್ನು ಮುತ್ತು ಹೆಕ್ಕಿದ ಹಾಗೆ ಹೆಕ್ಕಿ ಇಟ್ಟಿದ್ದಾರೆ. ಬರಹ ಕೊನೆಗೆ ಹೋಗಿ ಮುಟ್ಟುವುದು ರಾವಸಾಹೇಬರ ಅಗಲಿಕೆಗೆ. ಅಕ್ಕ ಪುಸ್ತಕ ಮುಚ್ಚಿದಾಗ ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. “ಅಣಕಿಸಿಲ್ಲವಾ, ಆ ಮನಶ್ಯಾನ್ನ ಎತ್ತಿ ಆಡಿಸ್ಯಾರ” ಎಂದರು.

ಮರುದಿನವೇ ಎಲ್ಲ ಬದಲಾಯಿತೆಂದರೆ ಸುಳ್ಳಾದೀತು. ಆದರೆ ಆ ದೀಪಾವಳಿಯ ಸಾಮಾನು ತರಲು ಚೀಲ ಹಿಡಿದು ಹೊರಟವರು ಅಪ್ಪ. ಬಾನುಲಿಯಲ್ಲಿ ಪು. ಲ. ಅವರ ದನಿ ಬಂದಾಗ ವಾಡೆಯ ನಗುವಿನಲ್ಲಿ ಅವರ ದಪ್ಪ ದನಿಯೂ ಸೇರಿತು. ಮುಂದೆ ರಾವಸಾಹೇಬರ ಕಥೆ ಪು. ಲ. ಅವರದೇ ಕಂಠದಲ್ಲಿ ಧ್ವನಿಸುರುಳಿಯಾಗಿ ಬಂದಾಗ ಅದನ್ನು ಮನೆಗೆ ಬಂದವರಿಗೆಲ್ಲ ಹಾಕಿ ಕೇಳಿಸುವುದು ಅವರ ನಿತ್ಯದ ಆತಿಥ್ಯವಾಯಿತು. ಚಹಾ ತಡವಾದರೂ ರಾವಸಾಹೇಬರು ತಡವಾಗುತ್ತಿರಲಿಲ್ಲ.

ಹೀಗಿರುವಾಗ ಆ ಜೂನ್ 12 ಬಂದಿತು. ಪು. ಲ. ಅವರು ಕಂಪವಾತದಿಂದ ಬಹಳ ದಿನ ನರಳಿದ್ದರು. ಅಂದು ಅವರ ಮತ್ತು ಸುನೀತಾಬಾಯಿಯವರ ಮದುವೆಯಾಗಿ ಸರಿಯಾಗಿ 54 ವರುಷ. ಆ ಹೊತ್ತಿಗೆ ನಾವು ವಾಡೆ ಬಿಟ್ಟು ಕೋಥರೂಡಿನ ಫ್ಲ್ಯಾಟಿಗೆ ಬಂದಿದ್ದೆವು. ಸಂಜೆ ಕೆಳಗಿನ ಅಂಗಳದಲ್ಲಿ ಯಾರೂ ಕರೆಯದೆಯೇ ಜನ ಸೇರಿದರು. ಕೆಳಮನೆಯ ಹುಡುಗನೊಬ್ಬ ಟೇಪ್ ರೆಕಾರ್ಡರ್ ತಂದಿಟ್ಟು, ಮೇಲೆ ನೋಡಿ ಅಪ್ಪನನ್ನು ಕರೆದ. “ಕಾಕಾ, ನಿಮ್ಮ ರಾವಸಾಹೇಬರ ಕ್ಯಾಸೆಟ್ ಕೊಡ್ತೀರಾ?” ನಿಮ್ಮ ರಾವಸಾಹೇಬರು ಎಂದು ಅವನು ಮರಾಠಿಯಲ್ಲಿ ಅಂದ. ಎಪ್ಪತ್ತೆಂಟು ವರುಷದ ಅಪ್ಪ ಗೋಡೆ ಹಿಡಿದು ಮೆಟ್ಟಲಿಳಿದು ತಾವೇ ಒಯ್ದುಕೊಟ್ಟರು.

ನಗಿಸಿದವರಿಗಾಗಿ ಅಳುವುದು ಕಷ್ಟದ ಕೆಲಸ. ಅತ್ತು ಮುಗಿಸುವ ಮೊದಲೇ ಅವರು ನಗಿಸಿಬಿಡುತ್ತಾರೆ. ಅಂಗಳದ ಮಂದಿ ಸೆರಗಿನಿಂದ ಕಣ್ಣೊರೆಸುತ್ತಲೇ ನಗುತ್ತಿದ್ದರು. ಯಾರೋ ಹಿರಿಯರು ಅಪ್ಪನನ್ನು, ನಿಮಗೆ ಪು. ಲ. ಅವರ ಪರಿಚಯವಿತ್ತೇ ಎಂದು ಕೇಳಿದರು. ಅಪ್ಪ ಮರಾಠಿಯಲ್ಲಿಯೇ, ಪರಿಚಯವಿಲ್ಲ, ನೆಂಟಸ್ತಿಕೆ ಇತ್ತು, ಗಣಗೋತ ಎಂದು ಅವರೇ ಬರೆದಿದ್ದಾರಲ್ಲ ಎಂದರು. ಆ ಒಂದು ಮಾತಿನಲ್ಲಿ ಎರಡು ಕಡೆ ಲಿಂಗ ತಪ್ಪಿತ್ತು. ಯಾರೂ ನಗಲಿಲ್ಲ.

ಇದು ಪುಣೆಯ ವಿಶೇಷವೆಂದು ನಾವು ತಿಳಿದಿದ್ದೆವು. 2008ರಲ್ಲಿ ಲಂಡನ್ನಿನಿಂದ ಅಕ್ಕನ ಮಗ ಫೋನು ಮಾಡಿದಾಗ ಅದು ತಪ್ಪೆಂದು ತಿಳಿಯಿತು. ಆ ಏಪ್ರಿಲ್ 25ರಂದು ಅಲ್ಲಿ ಹಂಫ್ರಿ ಲಿಟಲ್‌ಟನ್ ಎಂಬವರು ತೀರಿಕೊಂಡಿದ್ದರು. ಜಾಝ್ ಸಂಗೀತದಲ್ಲಿ ಟ್ರಂಪೆಟ್ ಊದುವವರು, 1972ರಿಂದ ಬಿ.ಬಿ.ಸಿ.ಯ ಒಂದು ವಿನೋದ ಕಾರ್ಯಕ್ರಮವನ್ನು ನಡೆಸಿಕೊಂಡು ಬಂದವರು. ಅದರಲ್ಲೊಂದು ಆಟವಂತೆ: ಆಟಗಾರರು ಸರದಿಯಂತೆ ಲಂಡನ್ನಿನ ಸ್ಥಳಗಳ ಹೆಸರು ಹೇಳುವುದು, ‘ಮಾರ್ನಿಂಗ್ಟನ್ ಕ್ರೆಸೆಂಟ್’ ಎಂದು ಮೊದಲು ಹೇಳಿದವರಿಗೆ ಗೆಲವು, ನಿಯಮಗಳನ್ನು ಮಾತ್ರ ಯಾರಿಗೂ ಹೇಳುವುದಿಲ್ಲ! “ಇಲ್ಲಿ ಎಲ್ಲರೂ ಮನೆಯವರು ಹೋದಂಗ ಇದ್ದಾರ, ಮಾಮಾ. ನನಗೂ ಯಾಕೋ ಅಳು ಬಂತು” ಎಂದ. ಅದೂ ಒಬ್ಬ ಸಂಗೀತಗಾರನ ದನಿ, ಅದೂ ಬಾನುಲಿ, ಅವನೂ ಪರವೂರಿನ ಭಾಷೆಯಲ್ಲಿ ನಗಲು ಕಲಿತವನು. ನಿಯಮ ತಿಳಿಯದ ಆಟದಲ್ಲಿ ನಗುನಗುತ್ತ ಸೇರಿಸಿಕೊಂಡವರನ್ನು ವಲಸೆ ಹೋದವನು ಮರೆಯುವುದು ಹೇಗೆ?

ಅಪ್ಪ 2004ರಲ್ಲಿ ಹೋದರು. ಕ್ಯಾಸೆಟ್ಟು ನಮ್ಮಲ್ಲಿದೆ, ಅದನ್ನು ನುಡಿಸುವ ಯಂತ್ರ ಕೆಟ್ಟಿದೆ. ಸಿಂಹಗಡ ರಸ್ತೆಯಲ್ಲಿ ಪು. ಲ. ಅವರ ಹೆಸರಿನ ಉದ್ಯಾನವೊಂದಿದೆ. ಅಲ್ಲಿಗೆ ನಾವು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ.

ಈ ಮೊಮ್ಮಕ್ಕಳ ವಿಷಯವೇ ಈ ಬರಹಕ್ಕೆ ನಿಮಿತ್ತ. ಅವರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಕನ್ನಡದಲ್ಲಿ “ಅಜ್ಜಾ, ಬಸ್ಸು ಬಂದಳು”, “ಚಹಾ ಆರಿದ” ಎನ್ನುತ್ತಾರೆ. ಅಪ್ಪನ ಜಗಳ ಈಗ ತಿರುಗಿ ನಿಂತಿದೆ. ಕಳೆದ ರಾಜ್ಯೋತ್ಸವದಂದು ನಮ್ಮ ಸಂಘದ ವೇದಿಕೆಯ ಮೇಲೆ ಒಂದು ಪುಟ್ಟ ಹುಡುಗಿ ಹೀಗೆಯೇ ಮಾತಾಡಿದಾಗ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೆಲ್ಲ ಗೊಳ್ಳೆಂದು ನಕ್ಕೆವು. ಹುಡುಗಿ ಉಳಿದ ಮಾತನ್ನು ಬಿಟ್ಟು ಕೆಳಗಿಳಿದು ಹೋದಳು. ಆ ನಗು ಸಾಮಾನಿನ ಅಂಗಡಿಯ ನಗು. ಅದು ನಮ್ಮ ಬಾಯಿಂದ ಬಂದಿತ್ತು.

ಮುಂದಿನ ಸಮಾರಂಭಕ್ಕೆ ಅವಳನ್ನು ಮತ್ತೆ ವೇದಿಕೆಗೆ ಕರೆಯಬೇಕೆಂದು ಕಾರ್ಯಕಾರಿ ಮಂಡಳಿಯನ್ನು ಕೇಳಿಕೊಂಡಿದ್ದೇವೆ. ಅವಳ ಮನೆಗೂ ಹೋಗಿ ಬಂದೆವು. ಬರುತ್ತೇನೆಂದು ಇನ್ನೂ ಹೇಳಿಲ್ಲ, ಬರುವುದಿಲ್ಲವೆಂದೂ ಹೇಳಿಲ್ಲ. ಬಂದರೆ, ಓದುಗ ಬಂಧುಗಳೇ, ನಗಬಾರದೆಂದು ನಾವು ಹೇಳುವುದಿಲ್ಲ. ನಗೋಣ, ಪು. ಲ. ಅವರು ರಾವಸಾಹೇಬರನ್ನು ಕಂಡು ನಕ್ಕ ಹಾಗೆ ನಗೋಣ.