ಕಾಲಕ್ಕೆ ಸಲ್ಲುವ ಗಾಡಿ

ಲಾಸ್ ಏಂಜಲೀಸ್ ನಗರದ ಹೊರವಲಯದಲ್ಲಿ ನೆಲಸಿರುವ ನನ್ನ ಅಕ್ಕನ ಮಗನಲ್ಲಿ 2023ರಲ್ಲಿ ನಾಲ್ಕು ತಿಂಗಳು ಅತಿಥಿಯಾಗಿದ್ದೆ. ಕಾಸರಗೋಡಿಗೆ ಮರಳಿದ ಮೇಲೆ ಮಿತ್ರರು ಅಲ್ಲಿಯ ಕಡಲು ಹೇಗೆ, ಸಿನಿಮಾ ನಟರ ಬಂಗಲೆಗಳು ಹೇಗೆ ಎಂದು ಕೇಳುತ್ತಾರೆ. ನಾನು ಮನಸಾರೆ ಕಂಡದ್ದು ಒಂದು ಮೋಟಾರುಗಾಡಿಯನ್ನು ಮತ್ತು ಅದರ ಮಾರಾಟವನ್ನು. ಸಂಪಾದಕರು ಲೇಖನಕ್ಕಾಗಿ ಪಟ್ಟುಹಿಡಿದಿರುವುದರಿಂದ ಆ ಸಂಗತಿಯನ್ನೇ ಅರುಹುತ್ತೇನೆ.

ಅದು ‘ಹಾಟ್ ರಾಡ್’ ಎಂಬ ಜಾತಿಯ ಗಾಡಿ. ಹೆಸರನ್ನು ಕನ್ನಡಿಸಹೊರಟರೆ ‘ಬಿಸಿ ಸರಳು’ ಎಂದಾಗಿ ಕಮ್ಮಾರನ ಕುಲುಮೆ ನೆನಪಾದೀತು, ಇದ್ದಂತೆಯೇ ಇರಲಿ. 1932ರಲ್ಲಿ ಫೋರ್ಡ್ ಕಂಪೆನಿಯವರು ಎಂಟು ಸಿಲಿಂಡರುಗಳ ವಿ-8 ಎಂಜಿನನ್ನು ಸಾಮಾನ್ಯನ ಕೈಗೆಟುಕುವ ಗಾಡಿಯಲ್ಲಿ ಕೂರಿಸಿದರು. ಅದರ ಬಲ 65 ಅಶ್ವಶಕ್ತಿ. ಕೆಲವೇ ವರ್ಷಗಳಲ್ಲಿ ಆ ಗಾಡಿಗಳು ಹಳತಾಗಿ ಅಗ್ಗವಾದುವು. ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಅವನ್ನು ಕೊಂಡು, ಮಡ್‌ಗಾರ್ಡು ಬಂಪರುಗಳನ್ನು ಕಳಚಿ ಭಾರವಿಳಿಸಿ, ಗುಜರಿಯಿಂದ ಬೇರೆ ಗಾಡಿಗಳ ಅಂಗಾಂಗಗಳನ್ನು ತಂದು ಜೋಡಿಸಿ, ಮುರಾಕ್, ಎಲ್ ಮಿರಾಜ್ ಎಂಬ ಒಣಗಿದ ಸರೋವರಗಳ ಹಾಸಿನ ಮೇಲೆ ಓಡಿಸಿ ವೇಗವನ್ನು ಅಳೆದುಕೊಂಡರು. 1937ರಲ್ಲಿ ಅವರದೇ ಒಂದು ಸಂಘ ಹುಟ್ಟಿತು. ಯುದ್ಧದಿಂದ ಸೈನಿಕರು ಮರಳಿದ ಮೇಲೆ ಈ ಹುಚ್ಚು ಇಮ್ಮಡಿಸಿ, 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯೇ ಹೊರಬಿತ್ತು. ಅದೇ ಯುದ್ಧಕಾಲದಲ್ಲಿ ನಮ್ಮ ಕರಾವಳಿಯ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏರು ಹತ್ತಲಾರದೆ ಏದುತ್ತಿದ್ದುದನ್ನು ನನ್ನ ತಂದೆಯವರು ಬಣ್ಣಿಸುತ್ತಿದ್ದರು. ಲೋಕ ಒಂದೇ ಸಮನೆ ಓಡುವುದಿಲ್ಲ!

ನನ್ನ ಸೋದರಳಿಯ ತನಗೆ ತಾನೇ ಒಂದು ಕಟ್ಟಳೆಯನ್ನು ವಿಧಿಸಿಕೊಂಡಿದ್ದ. 1948ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಹುಡುಗನೊಬ್ಬನ ಕೈಗೆ ಸಿಕ್ಕಲಾರದಂಥ ಯಾವ ಭಾಗವೂ ಗಾಡಿಯಲ್ಲಿ ಕಾಣಿಸಕೂಡದು. ಎಂಜಿನು 1946ರಿಂದ 48ರ ನಡುವಣ ಫೋರ್ಡಿನದು, 239 ಘನ ಅಂಗುಲದ್ದು. ಗೇರುಪೆಟ್ಟಿಗೆ 1939ರದು. ಫೋರ್ಡಿನವರು ಹೈಡ್ರಾಲಿಕ್ ಬ್ರೇಕನ್ನು ಅಳವಡಿಸಿದ್ದೇ 1939ರಲ್ಲಾದುದರಿಂದ, ಅಂದಿನ ಹುಡುಗರು ಹಳೆಯ ಗಾಡಿಗೆ ಆ ಬ್ರೇಕನ್ನು ಕೂರಿಸುತ್ತಿದ್ದರು, ಇವನೂ ಕೂರಿಸಿದ. ಎಡೆಲ್‌ಬ್ರಾಕ್ ಮ್ಯಾನಿಫೋಲ್ಡಿನ ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರುಗಳು. ವಿದ್ಯುತ್ತು ಆರೇ ವೋಲ್ಟಿನದು. ಅಂದಿನ ಹುಡುಗ ಸಿಕ್ಕಿದ್ದನ್ನು ಹಾಕಿದ. ಇಂದಿನವನು ಅಂದು ಸಿಕ್ಕುತ್ತಿದ್ದುದನ್ನೇ ಅರಸಿ ಅರಸಿ ಹಾಕಬೇಕು. ಬಡತನದಿಂದ ಹುಟ್ಟಿದ ಗಾಡಿಯನ್ನು ಕಟ್ಟಲು ಈಗ ಸಿರಿತನ ಬೇಕು. ಸಿರಿತನವಿಲ್ಲದ ನನ್ನ ಅಳಿಯನಿಗೆ ಹನ್ನೊಂದು ವರ್ಷ ಹಿಡಿಯಿತು. ಕಟ್ಟಳೆಗೆ ಎದ್ದು ಕಾಣುವ ಅಪವಾದವೊಂದೇ: ಸೊಂಟಪಟ್ಟಿ. ಅದು ಅವನ ಹೆಂಡತಿಯ ಆಜ್ಞೆ. ಅಲ್ಲಿ ಇಸವಿಯ ವಾದ ನಡೆಯಲಿಲ್ಲ.

ಇಂಥದನ್ನು ಮಾರುವ ಗಳಿಗೆ ಬಂದುದು ಮಗಳ ಕಾಲೇಜಿನ ಶುಲ್ಕದ ದೆಸೆಯಿಂದ. ಜಾಹೀರಾತು ಬರೆಯಲು ಕುಳಿತಾಗ ಮೊದಲ ತೊಡಕು ಎದುರಾಯಿತು. ಗಾಡಿಯ ಹಕ್ಕುಪತ್ರದಲ್ಲಿ 1932 ಎಂದಿದೆ. ಸಂಖ್ಯೆಯನ್ನು ಒತ್ತಿದ್ದು ಚೌಕಟ್ಟಿನ ಉಕ್ಕಿನ ಮೇಲೆ, ಆ ಚೌಕಟ್ಟು ನಿಜವಾಗಿಯೂ ಹಳೆಯದು. ಆದರೆ ಮೇಲಿನ ಮೈ ಹಾಗಲ್ಲ. ಅದೇ ಅಚ್ಚಿನಲ್ಲಿ ಉಕ್ಕಿನಿಂದ ಈಚೆಗೆ ತಯಾರಿಸಿದ್ದು. ಬಣ್ಣ ಬಳಿದ ಮೇಲೆ ಬಲ್ಲವನೂ ಬೇಗನೆ ಗುರುತಿಸಲಾರ. ಪರಿಚಯದ ವ್ಯಾಪಾರಿಯೊಬ್ಬ, ಕೇಳಿದರೆ ಹೇಳಿದರಾಯಿತು ಎಂದ. ಅಳಿಯ ಮೊದಲ ಸಾಲಿನಲ್ಲಿಯೇ ‘ಮೈ ಹೊಸದು’ ಎಂದು ಬರೆದ. ಟೈರು, ವೈರು, ಬ್ರೇಕಿನ ರಬ್ಬರು ಕೊಳವೆ ಇವೂ ಹೊಸವೆಂದು ಸೇರಿಸಿದ. “ಮಾವ, ಇಷ್ಟು ವರ್ಷ ಇಸವಿ ತಪ್ಪಬಾರದೆಂದು ಒದ್ದಾಡಿ, ಕೊನೆಗೆ ನಾನೇ ತಪ್ಪು ಇಸವಿ ಹೇಳಲೇ?” ಎಂದ.

ಬಂದವರು ಹಲವರು. ಒಬ್ಬನು ಗಾಡಿಯನ್ನು ಸರಿಯಾಗಿ ನೋಡದೆಯೇ, ಎಂಜಿನು, ಗೇರುಪೆಟ್ಟಿಗೆ, ಮ್ಯಾನಿಫೋಲ್ಡುಗಳಿಗೆ ಬೇರೆ ಬೇರೆ ಬೆಲೆ ಕಟ್ಟಿದ. ಕೂಡಿಸಿದರೆ ಇಡೀ ಗಾಡಿಗೆ ಬರುವುದಕ್ಕಿಂತ ಹೆಚ್ಚು! ಹಸುವಿಗಿಂತ ಅದರ ಚರ್ಮ, ಕೊಂಬುಗಳಿಗೆ ಬೆಲೆ ಹೆಚ್ಚೆಂದಂತೆ. ಆ ರಾತ್ರಿ ಗಂಡಹೆಂಡಿರು ಬಹಳ ಹೊತ್ತು ಲೆಕ್ಕಹಾಕಿದರು. ಶುಲ್ಕದ ಮಾತು ವಿನೋದದ್ದಲ್ಲ. ಬೆಳಗ್ಗೆ ಆತನಿಗೆ ಇಲ್ಲವೆಂದು ಹೇಳಿ ಕಳುಹಿಸಿದವಳು ಅವಳೇ. ಮತ್ತೊಬ್ಬನು ಇದು ಎಲ್ ಮಿರಾಜಿನಲ್ಲಿ ಓಡಿದ ಹಳೆಯ ಪಂದ್ಯದ ಗಾಡಿಯೆಂದು ತಾನೇ ಕಲ್ಪಿಸಿಕೊಂಡು ಕಣ್ಣರಳಿಸಿದ. ಅಲ್ಲವೆಂದು ತಿಳಿದೊಡನೆ ಮುಖ ಬಾಡಿಸಿಕೊಂಡು ನಡೆದ.

ಮೂರನೆಯ ವಾರ ಬಂದವನೊಬ್ಬ ನಿವೃತ್ತ ಮೆಕ್ಯಾನಿಕ್ಕು, ನನ್ನ ವಯಸ್ಸಿನವನು. ಮಾತಿಲ್ಲದೆ ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಅಡಿಗೆ ಜಾರಿದ. ಅರ್ಧ ಗಂಟೆ ಕಾಲುಗಳು ಮಾತ್ರ ಕಾಣಿಸುತ್ತಿದ್ದುವು. ಹೊರಬಂದವನು ಬೆಲೆಯನ್ನು ಕೇಳಲಿಲ್ಲ. ಯಾವ ಭಾಗ ಎಲ್ಲಿಂದ ಬಂತೆಂದು ಲೆಕ್ಕವಿಟ್ಟಿದ್ದೀಯಾ ಎಂದು ಕೇಳಿದ.

ಲೆಕ್ಕವಿತ್ತು. ಇನ್ನೂರು ಪುಟದ ಪುಸ್ತಕ, ಎಲ್ಲವೂ ಕನ್ನಡದಲ್ಲಿ. ಆಫೀಸಿನ ಇಂಗ್ಲಿಷಿನಿಂದ ಬಿಡುಗಡೆ ಬೇಕೆನಿಸಿದ ರಾತ್ರಿಗಳಲ್ಲಿ ಬರೆದದ್ದಂತೆ. ಅದನ್ನು ಇಂಗ್ಲಿಷಿಗೆ ಇಳಿಸಲು ಎರಡು ರಾತ್ರಿ ಕುಳಿತೆವು. ನಾನು ಓದುವುದು, ಅವನು ಬರೆಯುವುದು. ಯಾವ ಊರಿನ ಗುಜರಿ, ಎಷ್ಟು ಡಾಲರು, ಯಾವ ಬೋಲ್ಟು ಮುರಿಯಿತು ಎಂಬುದೆಲ್ಲ ಸಲೀಸಾಗಿ ಸಾಗಿತು. ಎರಡು ಕಾರ್ಬ್ಯುರೇಟರುಗಳಿಗೆ ಅವನಿಟ್ಟ ಹೆಸರು ಲವ-ಕುಶ. “ಈ ದಿನ ಕುಶನಿಗೆ ಕೆಮ್ಮು” ಎಂದು ಒಂದು ಕಡೆ. ಈ ಎಂಜಿನಿನಲ್ಲಿ ಸುಟ್ಟ ಹೊಗೆ ಬ್ಲಾಕಿನ ಒಳಗಿನಿಂದಲೇ, ನೀರಿನ ಕೋಶಗಳ ನಡುವೆ ಹಾದು ಹೊರಬೀಳುವುದರಿಂದ ಅದು ಬಲುಬೇಗ ಕಾಯುತ್ತದೆ. ಅದಕ್ಕೆ ಅವನು “ಉಷ್ಣಪ್ರಕೃತಿ, ಮಧ್ಯಾಹ್ನ ಹೊರಡಿಸಬಾರದು” ಎಂದು ಬರೆದಿದ್ದ. ಅವನ ಅಜ್ಜಿ ಅವನ ಬಗ್ಗೆ ಆಡುತ್ತಿದ್ದ ಮಾತದು! ಇಂಗ್ಲಿಷಿನಲ್ಲಿ “ಬೇಗ ಬಿಸಿಯಾಗುತ್ತದೆ” ಎಂದಷ್ಟೇ ಬಿತ್ತು.

ಹಣ ಕೈಸೇರಿತು, ಹಕ್ಕುಪತ್ರಕ್ಕೆ ರುಜು ಬಿತ್ತು. ಇಂಗ್ಲಿಷಿನ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡ ಮುದುಕ ಮೂಲಪುಸ್ತಕವನ್ನೂ ಬೇಡಿದ. ಓದಲಾರೆಯಲ್ಲ ಎಂದು ನಾನೇ ಬಾಯಿಬಿಟ್ಟೆ. ಇದೂ ಗಾಡಿಯ ಒಂದು ಭಾಗ, ಇದರ ನಕಲು ನನಗೆ ಸಾಲದು ಎಂದ. ಅಳಿಯ ನನ್ನ ಮುಖವನ್ನೊಮ್ಮೆ ನೋಡಿ ಪುಸ್ತಕವನ್ನು ಕೊಟ್ಟುಬಿಟ್ಟ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ನಾನು ಅವನೊಡನೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾಸರಗೋಡಿನವರಿಗೆ ಕನ್ನಡದ ಕಾಗದ ಕೈಬಿಟ್ಟುಹೋಗುವಾಗ ತುಸು ಮುನಿಸು ಬರುವುದು ಸಹಜ. ಆಮೇಲೆ ಅವನೇ ಕೇಳಿದ: “ಮಾವ, ಮಧ್ಯಾಹ್ನವಾಯಿತಲ್ಲ, ಅವನಿಗೆ ರೇಡಿಯೇಟರಿನ ನೀರು ನೋಡಿಕೊಳ್ಳೆಂದು ಹೇಳಿದೆನೇ?”