ರಂಪಿಗೆ ನೀಲಿಯಾದದ್ದು

ನಮ್ಮೂರ ಕುಲುಮೆಯೊಳಕ್ಕೆ ನಮ್ಮಪ್ಪ ಒಂದು ಸಲವೂ ಕಾಲಿಟ್ಟವನಲ್ಲ. ತೊಗಲು ಕೊಯ್ಯುವ ರಂಪಿಗೆ ಮೊಂಡಾದರೆ ಅದನ್ನು ಹೊಸ್ತಿಲಾಚೆ ನೆಲದ ಮೇಲಿಟ್ಟು ದೂರ ಸರಿದು ಕೂರುತ್ತಿದ್ದ. ಆಚಾರಿ ಇಕ್ಕಳದಲ್ಲಿ ಎತ್ತಿ ಬೆಂಕಿಗೆ ಹಾಕಿದರೆ ಮುಗೀತು, ಕಬ್ಬಿಣಕ್ಕಂಟಿದ ಮೈಲಿಗೆ ಸುಟ್ಟುಹೋಗುತ್ತಿತ್ತು. ಅಪ್ಪನ ಮೈಲಿಗೆ ಮಾತ್ರ ಹಂಗೇ ಉಳಿಯುತ್ತಿತ್ತು. ಆ ಬೆಂಕಿಗೆ ಗಾಳಿ ಊದುತ್ತಿದ್ದ ತಿದಿಯ ತೊಗಲನ್ನು ಹದ ಮಾಡಿ ಹೊಲಿದುಕೊಟ್ಟವನು ಅಪ್ಪನೇ. ತಿದಿ ಒಳಗೆ, ಹೊಲಿದವನು ಹೊರಗೆ.

ಈಗ ಆ ಕುಲುಮೆ ಇಲ್ಲ. ಆಚಾರಿಯ ಮಗ ಬೆಂಗಳೂರಲ್ಲಿ ಆಟೋ ಓಡಿಸುತ್ತಾನೆ. ಕುಡುಗೋಲು, ಮಚ್ಚು, ಅಡಿಗೆ ಚಾಕು ಎಲ್ಲ ಸಂತೆಯಿಂದ ಬರಬೇಕು. ಐಟಿಐ ಫಿಟ್ಟರ್ ಓದಿ ಸುಮ್ಮನೆ ಕೂತಿದ್ದ ನಾನು, ಇವನ್ನ ನಾನೇ ಯಾಕೆ ಮಾಡಬಾರದು ಅಂತ ಹೊರಟೆ. ಈಚೆಗೆ ಕೇರಿಯ ಇಬ್ಬರು ಹುಡುಗರು ಬಂದು, "ಅಣ್ಣ, ನಾವೂ ಮಾಡ್ತೀವಿ, ಮೊದ್ಲು ಯಾವ ಮೆಷಿನ್ ತಗೋಬೇಕು?" ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲು ತಗೊಂಡದ್ದು ತಪ್ಪು ಮೆಷಿನ್. ಫೋನಿನ ವಿಡಿಯೋಗಳಲ್ಲಿ ಅಮೆರಿಕದವರು 2 ಇಂಚು ಅಗಲ, 72 ಇಂಚು ಉದ್ದದ ಬೆಲ್ಟು ಓಡುವ ಗ್ರೈಂಡರಿನ ಮುಂದೆ ನಿಂತು ಬೆಣ್ಣೆ ಸವರಿದಂಗೆ ಉಕ್ಕು ಸವರುತ್ತಾರೆ. ಅದರ ಬೆಲೆಗೆ ನಮ್ಮನೆ ಸೂರು ಹೊದಿಸಬಹುದು. ಅದು ಆಗದು ಅಂತ ಪೇಟೆಯಲ್ಲಿ 6 ಇಂಚಿನ ಎರಡು ಕಲ್ಲಿನ ಬೆಂಚ್ ಗ್ರೈಂಡರ್ ತಂದೆ. ಪ್ಲಗ್ಗು ಚುಚ್ಚಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 2,850 ಸುತ್ತು, ನಿಧಾನ ಮಾಡಲು ಬರುವುದಿಲ್ಲ. ಹೊಸ ಹುರುಪು ನೋಡಿ, ಅಪ್ಪ ಬಿಟ್ಟುಹೋದ ರಂಪಿಗೆಯನ್ನೇ ಮೊದಲು ಹಿಡಿದೆ.

ಅಲಗು ತೆಳ್ಳಗಿರುವ ಕಡೆ ಕಾವು ಹೋಗಲು ಜಾಗವಿಲ್ಲ. ನೋಡನೋಡುತ್ತಿದ್ದಂತೆ ಅಂಚು ಹುಲ್ಲಿನ ಹಳದಿಯಾಯಿತು, ನೇರಳೆಯಾಯಿತು, ನೀಲಿಯಾಯಿತು. ಹಳದಿ ಅಂದರೆ ಸುಮಾರು 220 ಡಿಗ್ರಿ, ನೀಲಿ ಅಂದರೆ 300ರ ಹತ್ತಿರ. ನೀಲಿ ನಮ್ಮ ಬಾವುಟದ ಬಣ್ಣ, ನಿಜ, ಆದರೆ ರಂಪಿಗೆಯ ಅಂಚಿನಲ್ಲಿ ಅದು ಬಂತೆಂದರೆ ಹದ ಇಳಿಯಿತು ಅಂತಲೇ. ತೊಗಲಿಗಿಟ್ಟರೆ ಬಾಯಿ ಮಡಚಿಕೊಂಡಿತು.

ಅವ್ವ ಬಯ್ಯಲಿಲ್ಲ. "ನಿಮ್ಮಪ್ಪ ಮಸೆಗಲ್ಲಿಗೆ ನೀರು ಚಿಮುಕಿಸ್ಕೊಂಡು ಮಸೀತಿದ್ದ. ಮೂವತ್ತು ವರ್ಷ ಬಾಳ್ತು. ನೀನು ಮೂರು ಉಸಿರಿಗೆ ಸುಟ್ಯಲ್ಲೋ ಮಗ" ಅಂದಳು.

ಆದ್ದರಿಂದ ಹುಡುಗರಿಗೆ ನಾನು ಹೇಳುವುದು: ಮೊದಲು 4 ಇಂಚಿನ ಆಂಗಲ್ ಗ್ರೈಂಡರ್ ತಗೊಳ್ಳಿ. ಸಿಂಗಲ್ ಫೇಸಿನಲ್ಲೇ ಓಡುತ್ತದೆ, ಪಂಪ್‌ಸೆಟ್ಟಿನ ತ್ರೀ ಫೇಸ್ ಬರಲಿ ಅಂತ ಕಾಯಬೇಕಿಲ್ಲ. ಗುಜರಿಯಲ್ಲಿ ಸಿಗುವ ಲಾರಿ ಸ್ಪ್ರಿಂಗ್ ಪ್ಲೇಟು ಕತ್ತರಿಸಲು ಒಂದು ಬಿಲ್ಲೆ, ಆಕಾರ ತೆಗೆಯಲು ಉಪ್ಪುಕಾಗದದ ಎಸಳುಗಳಿರುವ ಇನ್ನೊಂದು ಬಿಲ್ಲೆ, ಎರಡೂ ಇದಕ್ಕೇ ಕೂರುತ್ತವೆ. ಆದರೆ ಇದು ನಿಮಿಷಕ್ಕೆ 11,000 ಸುತ್ತಿನವರೆಗೂ ಹೋಗುವ ಸಾಮಾನು. ಬಿಲ್ಲೆಯ ಮೇಲೆ ಬರೆದಿರುವ ವೇಗ ಮೆಷಿನ್ನಿನದಕ್ಕಿಂತ ಕಮ್ಮಿ ಇದ್ದರೆ ಹಾಕಬೇಡಿ, ಒಡೆದು ಮುಖಕ್ಕೆ ಬರುತ್ತದೆ. ಅಡ್ಡ ಬರುತ್ತೆ ಅಂತ ಗಾರ್ಡು ಬಿಚ್ಚಬೇಡಿ. ಮರ ಕೊಯ್ಯುವ ಹಲ್ಲಿನ ಬಿಲ್ಲೆ ಹಾಕಲೇಬೇಡಿ. ಕನ್ನಡಕ ಇರಲಿ, ದೂಳಿಗೆ ಮಾಸ್ಕ್ ಇರಲಿ. ಹೆಗಲ ಮೇಲೆ ಟವೆಲ್ ಹಾಕುವುದಕ್ಕೂ ನಮ್ಮ ಹಿರಿಯರು ಏಟು ತಿಂದಿದ್ದಾರೆ, ಗೊತ್ತು. ಆದರೂ ಮೆಷಿನ್ ಮುಂದೆ ಅದನ್ನು ತೆಗೆದಿಡಿ.

ಆಮೇಲೆ ಡ್ರಿಲ್ಲು. ಹಿಡಿಯ ರಿವಿಟ್ಟಿಗೆ ತೂತು ಹೊಡೆಯುವುದು ಹದ ಕೊಡುವ ಮೊದಲೇ. ಗಟ್ಟಿಯಾದ ಮೇಲೆ ಬಿಟ್ಟು ಸುಡುತ್ತದೆ, ತೂತು ಬೀಳುವುದಿಲ್ಲ. ಹದಕ್ಕೆ ಇದ್ದಲು, ಒಂದು ಸಣ್ಣ ಬ್ಲೋವರ್, ಒಂದು ಅಯಸ್ಕಾಂತ ಸಾಕು. ಕೆಂಪಗೆ ಕಾದ ಉಕ್ಕಿಗೆ ಅಯಸ್ಕಾಂತ ಹಿಡಿಯದಿದ್ದರೆ 770 ಡಿಗ್ರಿ ದಾಟಿತು ಅಂತ. ಇನ್ನೊಂಚೂರು ಕಾಯಿಸಿ ಎಣ್ಣೆಗೆ ಅದ್ದಿ, ಆಮೇಲೆ ಹಳದಿ ಬರುವಷ್ಟು ಮಾತ್ರ ಮತ್ತೆ ಕಾಯಿಸಿ. ಬೆಲ್ಟ್ ಗ್ರೈಂಡರ್ ಕೊನೆಗೆ, ನಾಕು ಚಾಕು ಮಾರಿದ ದುಡ್ಡಲ್ಲಿ. ಅದೂ ಬರಿಗೈಯಲ್ಲಿ ಅಲಗು ಹಿಡಿದು, ಬೆರಳು ಚುರುಕ್ ಅಂದಾಗೆಲ್ಲ ನೀರಿಗೆ ಅದ್ದುತ್ತಾ.

ದುಡ್ಡಿನ ಮಾತು. 2023ರಲ್ಲಿ ಪಿಎಂ ವಿಶ್ವಕರ್ಮ ಅಂತ ಯೋಜನೆ ಬಂತು. 18 ಕಸುಬುಗಳು, ಸಲಕರಣೆಗೆ 15,000 ರೂಪಾಯಿವರೆಗೆ. ಕಮ್ಮಾರನೂ ಇದ್ದಾನೆ, ಚಪ್ಪಲಿ ಹೊಲಿಯುವವನೂ ಇದ್ದಾನೆ. ಆದರೆ ಕುಟುಂಬದಿಂದ ಬಂದ ಸಾಂಪ್ರದಾಯಿಕ ಕಸುಬು ಅನ್ನೋ ಮಾತೂ ಇದೆ. ಅರ್ಜಿ ತುಂಬುವವನು ನನ್ನ ಜಾತಿ ಸರ್ಟಿಫಿಕೇಟು ನೋಡಿ, "ನಿಮ್ದು ಚಪ್ಪಲಿ ಕೆಲ್ಸ ಅಲ್ವೇನಪ್ಪ? ಕಮ್ಮಾರ ಅಂತ ಯಾಕ್ ಬರೆಸ್ತೀಯ?" ಅಂದ. ಕೆಟ್ಟ ಮನುಷ್ಯನಲ್ಲ, ನನ್ನ ಒಳ್ಳೇದಕ್ಕೇ ಹೇಳಿದ. ಅಪ್ಪ ಕೂರುತ್ತಿದ್ದ ಹೊಸ್ತಿಲು ಕಂಪ್ಯೂಟರಿನೊಳಗೂ ಇದೆಯಲ್ಲ ಅನ್ನಿಸಿತು. "ಕಮ್ಮಾರ ಅಂತಲೇ ಬರೀರಿ ಸಾರ್" ಅಂದೆ. ಬರೆದ. ಅದು ಏನಾಯಿತೋ ಇನ್ನೂ ಗೊತ್ತಿಲ್ಲ. ಆಂಗಲ್ ಗ್ರೈಂಡರನ್ನು ಅವ್ವನ ಸಂಘದ ಸಾಲದಲ್ಲಿ ತಂದೆ.

ರಂಪಿಗೆಯ ಕತೆ ಹೇಳಲಿಲ್ಲ. ಐಟಿಐಯಲ್ಲಿ ತಿಂಗಳುಗಟ್ಟಲೆ ಉಜ್ಜಿಸಿದ್ದಕ್ಕೆ ಶಾಪ ಹಾಕಿದ್ದ ಅರವೇ ಕೊನೆಗೆ ಕೈಹಿಡಿಯಿತು. ಅರ ಕಚ್ಚಿದ ಕಡೆ ಉಕ್ಕು ಮೆತ್ತಗಾಗಿದೆ, ಜಾರಿದ ಕಡೆ ಗಟ್ಟಿ ಉಳಿದಿದೆ. ಮೆತ್ತಗಾದಷ್ಟನ್ನೂ ಉಜ್ಜಿ ತೆಗೆದು, ಉಳಿದದ್ದನ್ನು ಅಪ್ಪನ ಮಸೆಗಲ್ಲಿನ ಮೇಲೆ ಮೂರು ಸಂಜೆ ಮಸೆದೆ. ಈಗ ಮೊದಲಿಗಿಂತ ಅರ್ಧ ಬೆರಳು ಗಿಡ್ಡ. ಅವ್ವ ಹಳೇ ಮೆಟ್ಟಿನ ಪಟ್ಟಿಯೊಂದನ್ನು ಕೊಯ್ದು ನೋಡಿದಳು. ಏನೂ ಹೇಳದೆ ಸೆರಗಿನಲ್ಲಿ ಒರೆಸಿ ಗೂಡಿನಲ್ಲಿಟ್ಟಳು.