76 ಸೀಟು, 39 ಟನ್

ನಾನು ಮೆಕ್ಯಾನಿಕಲ್ ತಗೊಂಡಿದ್ದೇ ಮುಂದೆ ಜೆಟ್ ಇಂಜಿನ್ ಡಿಸೈನ್ ಮಾಡಬೇಕು ಅನ್ನೋ ಆಸೆಯಿಂದ. ಹಾಗಾಗಿ ಯಾವ ವಿಮಾನ ನೋಡಿದರೂ ಒಂದು ಪ್ರಶ್ನೆ ಬರುತ್ತೆ: ಇಷ್ಟೊಂದು ಮಾಡೆಲ್‌ಗಳಲ್ಲಿ ಏರ್‌ಲೈನ್‌ನವರು ಇದನ್ನೇ ಯಾಕೆ ಆರಿಸಿದರು?

ನಮ್ಮ ಕಲಬುರಗಿಯನ್ನೇ ತಗೊಳ್ಳಿ. 2019ರಲ್ಲಿ ಏರ್‌ಪೋರ್ಟ್ ಶುರುವಾದಾಗ ಸ್ಟಾರ್ ಏರ್ ತಂದಿದ್ದು ಎಂಬ್ರೇರ್ ಇಆರ್‌ಜೆ-145. ಒಂದು ಕಡೆ ಒಂದೇ ಸೀಟು, ಇನ್ನೊಂದು ಕಡೆ ಎರಡು, ಒಟ್ಟು 50. 180 ಸೀಟಿನ ಏರ್‌ಬಸ್ ತಂದಿದ್ದರೆ ಒಂದೊಂದು ಸೀಟಿನ ಖರ್ಚು ಕಮ್ಮಿ ಆಗ್ತಿತ್ತು ನಿಜ. ಆದರೆ ಅದು ವಿಮಾನ ತುಂಬಿದರೆ ಮಾತ್ರ. ನಾವು 12 ಜನ ಟ್ರಿಪ್ ಹೋಗೋವಾಗ ಬಸ್ ಬಿಟ್ಟು ಟಿಟಿ ಬುಕ್ ಮಾಡ್ತೀವಲ್ಲ, ಅದೇ ಲೆಕ್ಕ. ಸೀಟಿನ ಖರ್ಚು ಬೇರೆ, ಒಂದು ಟ್ರಿಪ್ಪಿನ ಖರ್ಚು ಬೇರೆ. ಜನ ಕಮ್ಮಿ ಇರೋ ರೂಟಲ್ಲಿ ಎರಡನೆಯದೇ ಮುಖ್ಯ. ಇದರ ಜೊತೆಗೆ ರನ್‌ವೇ ಎಷ್ಟು ಉದ್ದ, ಆ ವಿಮಾನ ಓಡಿಸೋಕೆ ಟ್ರೈನಿಂಗ್ ಆದ ಪೈಲಟ್‌ಗಳು ಸಿಗ್ತಾರಾ, ಸ್ಪೇರ್ ಪಾರ್ಟ್ಸ್ ಸಿಗುತ್ತಾ, ಲೀಸ್ ಎಷ್ಟು ಅಂತಾನೂ ನೋಡಬೇಕು. ಹತ್ತಿರದ ಊರುಗಳಿಗೆ ಪ್ರೊಪೆಲ್ಲರ್ ಇರೋ ಎಟಿಆರ್ ಕಮ್ಮಿ ಇಂಧನ ಕುಡಿಯುತ್ತೆ. ದೂರ ಜಾಸ್ತಿ ಆದಷ್ಟೂ ಜೆಟ್‌ನ ವೇಗ ಉಪಯೋಗಕ್ಕೆ ಬರುತ್ತೆ.

ಇಲ್ಲಿವರೆಗೂ ಎಲ್ಲಾ ನಾವು ಓದೋ ಇಂಜಿನಿಯರಿಂಗ್ ಲೆಕ್ಕದ ಥರಾನೇ ಇದೆ. 2023ರಲ್ಲಿ ಸ್ಟಾರ್ ಏರ್ ಎಂಬ್ರೇರ್ ಇ175 ಕೂಡ ತಂತು. ಅದರಲ್ಲಿ 12 ಬಿಸಿನೆಸ್, 64 ಎಕಾನಮಿ, ಒಟ್ಟು 76 ಸೀಟು. ಈ ಇ175 ಅತಿ ಹೆಚ್ಚು ಹಾರಾಡೋದು ಅಮೆರಿಕದಲ್ಲಿ. ಅಲ್ಲಿ ಅದನ್ನ ಆರಿಸೋ ಕಥೆಯೇ ಬೇರೆ.

ಡೆಲ್ಟಾ, ಯುನೈಟೆಡ್, ಅಮೆರಿಕನ್ ಥರದ ದೊಡ್ಡ ಕಂಪನಿಗಳು ಸಣ್ಣ ಊರುಗಳ ಫ್ಲೈಟ್‌ಗಳನ್ನ ಸ್ಕೈವೆಸ್ಟ್‌ನಂಥ ಪ್ರಾದೇಶಿಕ ಏರ್‌ಲೈನ್‌ಗಳಿಗೆ ಗುತ್ತಿಗೆ ಕೊಡ್ತವೆ. ಹೀಗೆ ಕೊಡೋಕೆ ಒಂದು ಮಿತಿ ಇದೆ. ದೊಡ್ಡ ಕಂಪನಿಯ ಪೈಲಟ್ ಯೂನಿಯನ್ ಜೊತೆಗಿನ ಒಪ್ಪಂದದಲ್ಲಿ 'ಸ್ಕೋಪ್ ಕ್ಲಾಸ್' ಅಂತ ಒಂದು ಷರತ್ತು: ವಿಮಾನದಲ್ಲಿ 76ಕ್ಕಿಂತ ಹೆಚ್ಚು ಸೀಟು ಇರಬಾರದು, ಟೇಕಾಫ್ ತೂಕ 86,000 ಪೌಂಡ್, ಅಂದ್ರೆ ಸುಮಾರು 39 ಟನ್, ದಾಟಬಾರದು.

ಎಂಬ್ರೇರ್ ಇ175-ಇ2 ಅಂತ ಹೊಸ ಮಾಡೆಲ್ ಮಾಡ್ತು. ದೊಡ್ಡ ಫ್ಯಾನ್ ಇರೋ ಗೇರ್ಡ್ ಟರ್ಬೋಫ್ಯಾನ್ ಇಂಜಿನ್, ಹೊಸ ರೆಕ್ಕೆ, ಇಂಧನ ಉಳಿತಾಯ. ಆದರೆ ದೊಡ್ಡ ಇಂಜಿನ್ ಅಂದ್ರೆ ತೂಕವೂ ದೊಡ್ಡದು. ಟೇಕಾಫ್ ತೂಕ 44 ಟನ್ ದಾಟಿತು. ಷರತ್ತು ಸಡಿಲ ಆಗುತ್ತೆ ಅನ್ನೋ ನಂಬಿಕೆ ಮೇಲೆ ಸ್ಕೈವೆಸ್ಟ್ 2013ರಲ್ಲಿ 100 ವಿಮಾನಕ್ಕೆ ಆರ್ಡರ್ ಕೊಟ್ಟಿತ್ತು. ಷರತ್ತು ಬದಲಾಗಲಿಲ್ಲ. 2019ರ ಡಿಸೆಂಬರಲ್ಲಿ ಇ2 ಮೊದಲ ಸಲ ಹಾರಿತು, 2022ರಲ್ಲಿ ಅದರ ಕೆಲಸವನ್ನೇ ನಿಲ್ಲಿಸಿದರು. ಸ್ಕೈವೆಸ್ಟ್ ಹಳೇ ಇಂಜಿನ್ನಿನ ಇ175ನ್ನೇ ಕೊಳ್ತಾ ಹೋಯ್ತು.

ಇನ್ನೂ ವಿಚಿತ್ರ ಅಂದ್ರೆ ಸಿಆರ್‌ಜೆ-550. 50 ಸೀಟಿನ ವಿಮಾನಗಳಿಗೆ ಬೇರೆ ಲೆಕ್ಕ ಇದೆ ಅಂತ, 70 ಜನ ಕೂರಬಹುದಾದ ಸಿಆರ್‌ಜೆ-700ರಲ್ಲಿ ಸೀಟು ಕಿತ್ತು 50 ಮಾಡಿದರು. ಉಳಿದ ಜಾಗಕ್ಕೆ ಲಗೇಜ್ ಕಪಾಟು, ತಿಂಡಿ ಇಡೋ ಜಾಗ ಬಂತು.

ಇದನ್ನ ಓದಿದಾಗ ನನಗೆ ಹೊಟ್ಟೆ ಉರಿದಿದ್ದು ನಿಜ. ಆ ಇಂಜಿನ್ ಹಿಂದೆ ಎಷ್ಟು ಜನರ ಎಷ್ಟು ವರ್ಷದ ಕೆಲಸ ಇದೆ! ಆದರೆ ಪೈಲಟ್‌ಗಳ ಕಡೆಯಿಂದ ನೋಡಿದರೆ ಆ ಷರತ್ತು ತಲೆಬುಡ ಇಲ್ಲದ್ದೇನಲ್ಲ. ದೊಡ್ಡ ವಿಮಾನಗಳೂ ಗುತ್ತಿಗೆಗೆ ಹೋದರೆ ಒಳ್ಳೇ ಸಂಬಳದ ಕೆಲಸ ಕಮ್ಮಿ ಸಂಬಳದ ಕಡೆ ಹರಿದು ಹೋಗುತ್ತೆ. ಅದನ್ನ ತಡೆಯೋಕೆ ಅವರು ಹಾಕಿಕೊಂಡ ಬೇಲಿ ಅದು. ಗುತ್ತಿಗೆ ನೌಕರಿ ಅಂದ್ರೆ ಏನು ಅಂತ ನಮ್ಮ ಮನೆಗಳಲ್ಲೂ ಗೊತ್ತು.

ನಮ್ಮ ಪರೀಕ್ಷೆಯಲ್ಲಿ 'ಗಿವನ್ ಡೇಟಾ' ಅಂತ ತೂಕ, ಥ್ರಸ್ಟ್, ಇಂಧನ ಎಲ್ಲಾ ಕೊಡ್ತಾರೆ. ಆ ಮಿತಿ ಹಾಕಿದ್ದು ಯಾರು, ಯಾರ ಹೊಟ್ಟೆಪಾಡಿಗೆ ಅಂತ ಮಾತ್ರ ಕೊಡಲ್ಲ. ನನಗೆ ಈಗಲೂ ಇಂಜಿನ್ನೇ ಡಿಸೈನ್ ಮಾಡಬೇಕು. ಆದರೆ ಪೇಪರ್ ಮೇಲೆ ಮೊದಲ ಗೆರೆ ಎಳೆಯೋ ಮುಂಚೆ ಆ ಗಿವನ್ ಡೇಟಾ ನಾನೇ ಹುಡುಕಿಕೊಳ್ತೀನಿ.